ಗೌರಕ್ಕನ ದೋಣಿಗೆ ಸೋನಾರ್ ಕೂರಿಸಿದ್ದು

ನಾನು ಕೆಲಸದಿಂದ ನಿವೃತ್ತನಾಗಿ ಮೂರು ವಾರವಾಯಿತು. ವಯಸ್ಸು ಹತ್ತೊಂಬತ್ತು. ಬೇರೆಯವರು ತಲೆ ನರೆಯುವ ತನಕ ಎಳೆದಾಡುವ ವೃತ್ತಿಜೀವನವನ್ನು ನಾನು ಮೀಸೆ ಸರಿಯಾಗಿ ಮೂಡುವುದರೊಳಗೆ ಮುಗಿಸಿಬಿಟ್ಟೆ. ಪಾಲಿಟೆಕ್ನಿಕ್‌ನಲ್ಲಿ ಸೀಟು ಸಿಕ್ಕಿತು, ಅಷ್ಟೇ ಕಾರಣ. ಬೀಳ್ಕೊಡುಗೆಗೆ ನಮ್ಮ ಯಜಮಾನರು ನಂಜಣ್ಣ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ವಡೆ ಕೊಡಿಸಿದರು. ಕೊಡಿಸಿ, ತಮ್ಮ ವಡೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದರು. ನಂಜಣ್ಣನ ತಟ್ಟೆಯಿಂದ ವಡೆ ಹೊರಗೆ ಹೋದದ್ದನ್ನು ಅವರ ಹೆಂಡತಿಯೂ ಕಂಡಿಲ್ಲ. ಸರ್ವರ್ ಕೂಡ ನಿಂತು ನೋಡಿದ. ಶಾಲು, ಹಾರ, ಫಲತಾಂಬೂಲ ಎಲ್ಲ ಆ ಅರ್ಧ ವಡೆಯ ಮುಂದೆ ಏನೂ ಅಲ್ಲ.

ನನ್ನ ಜಾಗಕ್ಕೆ ಈಗ ಇಬ್ಬರು ಸೇರಿದ್ದಾರೆ. ಒಬ್ಬನ ಜಾಗಕ್ಕೆ ಇಬ್ಬರು ಯಾಕೆ ಬೇಕಾದರು ಎಂದು ನಾನು ಹೇಳಿಕೊಳ್ಳುವುದಿಲ್ಲ, ನೀವೇ ಅರ್ಥ ಮಾಡಿಕೊಳ್ಳಿ. ಆ ಇಬ್ಬರೂ ಮೊನ್ನೆ ಸಿಕ್ಕಿ, ಕೆಲಸ ಹೇಗಿರುತ್ತದೆ, ಏನೇನು ಕಲಿಯಬೇಕು ಎಂದು ಕೇಳಿದರು. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಬಡ್ತಿಗಳ ವಿಚಾರ ಬಿಡೋಣ. ನನಗೆ ಬಂದದ್ದು ಒಂದೇ ಬಡ್ತಿ. ಮೊದಲು ಟೀ ತರಲು ಹೋಗುವಾಗ ನಡೆದು ಹೋಗುತ್ತಿದ್ದೆ, ಆಮೇಲೆ ನಂಜಣ್ಣನ ಸ್ಕೂಟರ್ ಕೊಟ್ಟರು.

ನಮ್ಮದು ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು, ಕೊಳವೆ ಬಾವಿಯೊಳಗೆ ಕಳಚಿ ಬಿದ್ದ ಪಂಪು ಎತ್ತುವುದು, ಇವೇ ಕೆಲಸ. ಅಲ್ಲಿಗೆ ಸೋನಾರ್ ಹೇಗೆ ಬಂತು ಎಂದರೆ, ನಂಜಣ್ಣನ ಬಾಯಲ್ಲಿ ‘ಆಗಲ್ಲ’ ಎಂಬ ಮಾತು ಹುಟ್ಟಿನಿಂದಲೇ ಇರಲಿಲ್ಲ. ಸುತ್ತಮುತ್ತಲ ಕೆರೆಗಳಿಗೆ ಪೈಪಿನಲ್ಲಿ ನೀರು ಬಿಡತೊಡಗಿದ ಮೇಲೆ, ನಾವು ಕ್ರಿಕೆಟ್ ಆಡುತ್ತಿದ್ದ ಕೆರೆಗಳಲ್ಲಿ ದೋಣಿಗಳು ಬಂದವು. ಹೂಳು ಎಷ್ಟಿದೆ ಎಂದು ಅಳೆಯುವ ಸರ್ವೆಯವರು ಬಂದರು. ಅವರಲ್ಲೊಬ್ಬರು ಒಂದು ಡಬ್ಬ ಹಿಡಿದುಕೊಂಡು ಬಂದು, ಇದನ್ನು ದೋಣಿಗೆ ಕೂರಿಸಿಕೊಡುತ್ತೀರಾ ಎಂದು ಕೇಳಿದರು. ಡಬ್ಬದೊಳಗೆ ಏನಿದೆ ಎಂದು ನೋಡುವ ಮೊದಲೇ ನಂಜಣ್ಣ ಹೂಂ ಅಂದಿದ್ದರು.

ಹೊಸಬರಿಗೆ ಗೊತ್ತಿರಲಿ. ಬಾವಿಯೊಳಕ್ಕೆ ಬಗ್ಗಿ ಕೂಗಿದರೆ ನಮ್ಮ ಕೂಗು ವಾಪಸ್ಸು ಬರುತ್ತದಲ್ಲ, ಸೋನಾರ್ ಅಂದರೆ ಅದೇ. ಕೂಗುವುದಕ್ಕೂ ಕೇಳಿಸಿಕೊಳ್ಳುವುದಕ್ಕೂ ಇರುವ ತುಂಡಿಗೆ ಟ್ರಾನ್ಸ್‌ಡ್ಯೂಸರ್ ಎಂದು ಹೆಸರು. ಕಪ್ಪಗೆ, ಅರ್ಧ ಸವೆದ ಬಟ್ಟೆ ಸೋಪಿನ ಹಾಗೆ ಇರುತ್ತದೆ. ಅದನ್ನು ದೋಣಿಯ ಹಿಂಭಾಗದ ಹಲಗೆಗೆ, ನೀರಿನೊಳಗೆ ಸ್ವಲ್ಪವೇ ಮುಳುಗುವಂತೆ ಕೂರಿಸಬೇಕು. ಅದು ಕೆಳಗೆ ಕೂಗುತ್ತದೆ, ತಳಕ್ಕೆ ತಾಗಿ ಬಂದ ಸದ್ದನ್ನು ಕೇಳಿಸಿಕೊಳ್ಳುತ್ತದೆ, ದೋಣಿಯಲ್ಲಿಟ್ಟ ಪರದೆಯ ಮೇಲೆ ಕೆರೆಯ ತಳದ ಚಿತ್ರ ಮೂಡುತ್ತದೆ. ಅದರ ಮುಖದ ಕೆಳಗೆ ಗಾಳಿಗುಳ್ಳೆ ಬರಬಾರದು, ಏನೂ ಅಡ್ಡ ಇರಬಾರದು. ಇಷ್ಟು ಗೊತ್ತಿದ್ದರೆ ಸಾಕು. ನಮಗೆ ಇಷ್ಟೂ ಗೊತ್ತಿರಲಿಲ್ಲ.

ನಂಜಣ್ಣನ ಜೀವಮಾನದ ಸಿದ್ಧಾಂತ ಒಂದೇ: ಇನ್ನೂ ಆಳಕ್ಕೆ ಬಿಡು. ಬೋರ್‌ವೆಲ್‌ನಲ್ಲಿ ನೀರು ಬರದಿದ್ದರೆ ಪಂಪನ್ನು ಇನ್ನೂ ಆಳಕ್ಕೆ ಬಿಡು. ಹಾಗಾಗಿ ಮೊದಲ ದೋಣಿಯಲ್ಲಿ ಟ್ರಾನ್ಸ್‌ಡ್ಯೂಸರನ್ನು ಕಬ್ಬಿಣದ ಪೈಪಿನ ತುದಿಗೆ ಕಟ್ಟಿ ಆಳಕ್ಕೆ ಇಳಿಸಿದರು. ತಳದ ಹತ್ತಿರ ಹೋದರೆ ತಳ ಚೆನ್ನಾಗಿ ಕಾಣುತ್ತದಲ್ಲವೇ ಎಂದು ಅವರ ವಾದ. ಹೋಯಿತು, ಹತ್ತಿರವೇ ಹೋಯಿತು. ದೋಣಿ ಮುಂದೆ, ಪೈಪು ಕೆಸರಿನಲ್ಲಿ. ಆ ದಿನ ನಾವು ಕೆರೆಯ ಆಳ ಅಳೆಯಲಿಲ್ಲ, ಸ್ವಲ್ಪ ಉತ್ತೆವು.

ಎರಡನೆಯ ದೋಣಿಯಲ್ಲಿ ಅದರ ವೈರು ಉದ್ದ ಜಾಸ್ತಿಯಾಯಿತು ಎಂದು ನಂಜಣ್ಣ ಕತ್ತರಿಸಿ, ಮತ್ತೆ ಜೋಡಿಸಿದರು. ಬೋರ್‌ವೆಲ್ ಕೇಬಲ್ ಜೋಡಿಸುವುದರಲ್ಲಿ ಅವರನ್ನು ಮೀರಿಸಿದವರು ತಾಲ್ಲೂಕಿನಲ್ಲಿಲ್ಲ. ಆ ಜೋಡಣೆಯ ಮೇಲೆ ಆನೆ ನಿಂತರೂ ನೀರು ಒಳಗೆ ಹೋಗುತ್ತಿರಲಿಲ್ಲ, ನಿಜ. ಸದ್ದೂ ಹೋಗಲಿಲ್ಲ. ಆ ವೈರು ಕೂದಲೆಳೆಯಂಥ ಎಳೆಗಳದ್ದು, ಕತ್ತರಿಸಲೇಬಾರದು ಎಂದು ಡಬ್ಬದ ಮೇಲೇ ಬರೆದಿತ್ತು. ಡಬ್ಬದೊಳಗೆ ನಂಜಣ್ಣ ಆಗಲೇ ಸ್ಕ್ರೂಗಳನ್ನು ತುಂಬಿಟ್ಟಿದ್ದರು. ಇದು ನಿಮಗೆ ಮೊದಲ ಪಾಠ. ಉಳಿದ ವೈರನ್ನು ಸುರುಳಿ ಸುತ್ತಿ ಕಟ್ಟಿ, ಕಟ್ ಮಾಡಬೇಡಿ.

ಇಷ್ಟೆಲ್ಲ ಅನುಭವಸ್ಥರಾದ ಮೇಲೆ ನಮ್ಮ ಹೆಸರು ಹೊಸಕೋಟೆಯ ತನಕ ಹೋಯಿತು. ಹೇಗೆ ಹೋಯಿತೋ ಗೊತ್ತಿಲ್ಲ, ಒಳ್ಳೆಯ ಹೆಸರಾಗಿಯೇ ಹೋಯಿತು. ಒಂದು ದಿನ ಗೌರಕ್ಕ ಅಂಗಡಿಗೆ ಬಂದರು. ಹೊಸಕೋಟೆ ಕಡೆಯ ಒಂದು ಹಳ್ಳಿಯ ಹೆಂಗಸರ ಸಂಘದ ಮುಖ್ಯಸ್ಥೆ. ಆ ಸಂಘದವರು ಊರ ಕೆರೆಯಲ್ಲಿ ಮೀನು ಸಾಕಲು ಗುತ್ತಿಗೆ ಹಿಡಿದಿದ್ದರು. ಎಲ್ಲರೂ ರಾಗಿ ಹೊಲ, ಹಸು, ಹಾಲು ಎಂದುಕೊಂಡಿದ್ದವರು, ಮೀನಿನ ಸಹವಾಸ ಹೊಸದು. ಗೌರಕ್ಕನ ಜೊತೆ ಅವರ ತಮ್ಮ ಮುನಿರಾಜು ಬಂದಿದ್ದ. ಸಂಘದ ಫೈಬರ್ ದೋಣಿಗೆ ಹುಟ್ಟು ಹಾಕುವವನು ಅವನೇ.

ಅವರ ಕಷ್ಟ ಕೇಳಿ. ಕೆರೆ ಒಣಗಿದ್ದ ಕಾಲದಲ್ಲಿ ಅದರ ತುಂಬ ಜಾಲಿ ಬೆಳೆದಿತ್ತು. ಆಮೇಲೆ ನೀರು ಬಂತು. ಸೌದೆಗೆಂದು ಎಷ್ಟು ಕಡಿದಿದ್ದರೋ, ಎಷ್ಟು ಬಿಟ್ಟಿದ್ದರೋ ಯಾರಿಗೂ ಗೊತ್ತಿರಲಿಲ್ಲ, ಉಳಿದ ಮರಗಳು ನಿಂತಲ್ಲೇ ಮುಳುಗಿ ಸತ್ತು, ಮುಳ್ಳು ಹಾಗೇ ಚಾಚಿಕೊಂಡು ನೀರೊಳಗೆ ಕಾಯುತ್ತಿದ್ದವು. ಮೇಲಿಂದ ನೋಡಿದರೆ ನೀರು ಹೊಸ ಕನ್ನಡಿಯ ಹಾಗೆ. ಬಲೆ ಎಳೆದರೆ ಚಿಂದಿ. ಸಂಘದ ಮೊದಲ ಎಳೆಬಲೆ ಹಾಗೆಯೇ ಹರಿದುಹೋಯಿತು. ಈಗ ಇದ್ದಬದ್ದದ್ದನ್ನೆಲ್ಲ ಸೇರಿಸಿ ಹೊಸ ಬಲೆ ತಂದಿದ್ದರು. ಅದನ್ನು ನೀರಿಗೆ ಬಿಡಲು ಧೈರ್ಯವಿಲ್ಲ, ಬಿಡದೆ ಮೀನು ಹಿಡಿಯುವಂತಿಲ್ಲ.

“ಹಳೇ ಬಲೆ ಜಾಲಿಗೆ ಹೋಯ್ತು,” ಎಂದರು ಗೌರಕ್ಕ. “ಇದೂ ಹೋದ್ರೆ ಕೆರೆ ಬಿಟ್ಕೊಡ್ತೀವಿ ಕಣಣ್ಣಾ. ಇನ್ನೊಂದ್ ಬಲೆ ತರೋ ಶಕ್ತಿ ನಮ್ಗಿಲ್ಲ.”

“ನೀರೊಳಗೆ ಬಿದ್ದ ಮೋಟ್ರು ಎತ್ತೋನಮ್ಮ ನಾನು,” ಎಂದರು ನಂಜಣ್ಣ. “ನೀರೊಳಗೆ ನಿಂತಿರೋ ಮರ ತೋರ್ಸಲ್ವಾ?”

ಮಾತು ಕೊಟ್ಟಾಯಿತು. ಗೌರಕ್ಕ ಹೋದ ಮೇಲೆ ನಂಜಣ್ಣ ನನ್ನ ಕಡೆ ತಿರುಗಿ, ಮರ ಅದರಲ್ಲಿ ಕಾಣುತ್ತದೆ ತಾನೇ ಎಂದು ಮೆಲ್ಲಗೆ ಕೇಳಿದರು. ಕಾಣುತ್ತದೆ, ತಳದಿಂದ ಮೇಲೆದ್ದ ಗೀಟುಗಳ ಹಾಗೆ ಕಾಣುತ್ತದೆ ಎಂದೆ. ನಾನು ಫೋನಿನಲ್ಲಿ ವಿಡಿಯೋಗಳನ್ನು ನೋಡಿ ಆ ಹೊತ್ತಿಗೆ ಜಗತ್ತಿನ ಅರ್ಧ ಸಮುದ್ರಗಳನ್ನು ಸರ್ವೆ ಮಾಡಿ ಮುಗಿಸಿದ್ದೆ.

ಹೇಳಿದ ದಿನ ಬೆಳಿಗ್ಗೆ ಲಗೇಜ್ ಆಟೋದಲ್ಲಿ ನಂಜಣ್ಣ ತರಿಸಿದ್ದ ಹೊಸ ಸೋನಾರ್, ಸಾಮಾನು ಹೇರಿಕೊಂಡು ದೇವನಹಳ್ಳಿ ಮೇಲೆ ಹೊಸಕೋಟೆ ಕಡೆ ಹೊರಟೆವು. ಬ್ಯಾಟರಿ ನನ್ನ ತೊಡೆಯ ಮೇಲೆ. ನಂಜಣ್ಣ ಹೊಂಡ ಕಂಡರೆ ತಪ್ಪಿಸುವವರಲ್ಲ, ಮಾತಾಡಿಸಿಕೊಂಡು ಹೋಗುವವರು. ತಲುಪುವಷ್ಟರಲ್ಲಿ ಬ್ಯಾಟರಿ ನನ್ನೊಳಗೆ ಅರ್ಧ ಸೇರಿತ್ತು.

ಅವತ್ತಿನ ಕೆಲಸ ಮಾತ್ರ ನಮ್ಮ ಅಂಗಡಿಯ ಚರಿತ್ರೆಯಲ್ಲೇ ನೀಟಾಗಿತ್ತು. ದೋಣಿಗೆ ತೂತು ಜಾಸ್ತಿ ಬೀಳಬಾರದೆಂದು ಹಿಂಭಾಗದ ಹಲಗೆಗೆ ಮೊದಲು ಒಂದು ಮರದ ತುಂಡನ್ನು ಅಂಟಿಸಿ, ಅದು ಗಟ್ಟಿಯಾಗುವ ತನಕ ಕಾದು, ಟ್ರಾನ್ಸ್‌ಡ್ಯೂಸರನ್ನು ಅದಕ್ಕೇ ಸ್ಕ್ರೂ ಹಾಕಿ ಕೂರಿಸಿದೆವು. ಮುಖ ನೆಟ್ಟಗೆ ಕೆಳಕ್ಕೆ. ಮಟ್ಟಗೋಲಿಟ್ಟು ನೋಡಿದೆವು. ವೈರು ಕತ್ತರಿಸಲಿಲ್ಲ, ನಂಜಣ್ಣನ ಕೈ ಎರಡು ಸಲ ಕಟಿಂಗ್ ಪ್ಲೇಯರ್ ಕಡೆ ಹೋಯಿತು, ಎರಡು ಸಲವೂ ನಾನು ಅದರ ಮೇಲೆ ಕೂತೆ. ನೀರಿಗಿಳಿಸುವ ಮುಂಚೆ ಗೌರಕ್ಕ ಬಗ್ಗಿ ಆ ಕಪ್ಪು ತುಂಡನ್ನು ನೋಡಿದರು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಬಾವಿಯ ಉದಾಹರಣೆ ಕೊಟ್ಟು, ಕೈಕಾಲು ಆಡಿಸಿ, ಉಪನ್ಯಾಸ ಮಾಡಿದೆ. ಎಲ್ಲ ಕೇಳಿ ಅವರು, ಅಂದರೆ ಇದು ಕಿವಿ ಅನ್ನು, ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಆಮೇಲೆ ಪೂಜೆ. ಹೊಸ ಸಾಮಾನು ಕೂರಿಸಿದ ಮೇಲೆ ಪೂಜೆ ಮಾಡದೆ ಇರುವುದುಂಟೇ? ಹಿಂದಿನ ಎರಡು ದೋಣಿಗಳು ಸರ್ವೆಯವರು ಬಾಡಿಗೆಗೆ ತಂದವು, ಬಾಡಿಗೆ ದೋಣಿಗೆ ಪೂಜೆ ಯಾರು ಮಾಡುತ್ತಾರೆ. ಇದು ಸಂಘದ ಸ್ವಂತ ದೋಣಿ. ಅರಿಶಿನ ಕುಂಕುಮ ಇಟ್ಟರು, ನಿಂಬೆಹಣ್ಣು ಕಟ್ಟಿದರು, ಕಾಯಿ ಒಡೆದರು. ಗೌರಕ್ಕ ತಂದಿದ್ದ ಸೇವಂತಿಗೆ ಹಾರ ಗಾತ್ರದಲ್ಲಿ ನನ್ನ ತೋಳಿನಷ್ಟಿತ್ತು, ಉದ್ದದಲ್ಲಿ ಮದುವೆ ಮಂಟಪವನ್ನೇ ಸುತ್ತುವಷ್ಟಿತ್ತು. ಅದನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆ ಬಂತು. ಲಾರಿಗಾದರೆ ಮುಂದುಗಡೆ. ಇಲ್ಲಿ ಹೊಸದಾಗಿ ಬಂದಿರುವುದು ಹಿಂದುಗಡೆಯ ಯಂತ್ರ, ಪೂಜೆ ಅದಕ್ಕೆ, ಆದ್ದರಿಂದ ಹಾರವೂ ಅದಕ್ಕೆ ಎಂದು ನಂಜಣ್ಣ ತೀರ್ಪು ಕೊಟ್ಟು, ತಾವೇ ಹಾರವನ್ನು ದೋಣಿಯ ಹಿಂದಿನ ಹಲಗೆಗೆ ಈ ಕಡೆಯಿಂದ ಆ ಕಡೆಗೆ ಇಳಿಬಿಟ್ಟು ಕಟ್ಟಿದರು. ನೋಡಲು ಬಲು ಚೆನ್ನಾಗಿತ್ತು. ನಾನು ಫೋಟೋ ಕೂಡ ತೆಗೆದೆ.

ದೋಣಿ ನೀರಿಗಿಳಿಯಿತು. ಮುನಿರಾಜು ಹುಟ್ಟು ಹಾಕಿದ. ಗೌರಕ್ಕ ನಡುವೆ ಕೂತರು, ನಂಜಣ್ಣ ಮತ್ತು ನಾನು ಪರದೆಯ ಎದುರು. ಪರದೆ ಬೆಳಗಿತು. ನೀರಿನ ಮೇಲ್ಭಾಗದಿಂದ ಕೆಳಗಿನ ತನಕ ಬರೀ ಗೀಟು, ಬರೀ ಚುಕ್ಕಿ, ಒಂದರ ಮೇಲೊಂದು. ಬಲಕ್ಕೆ ಹೋದೆವು, ಹಾಗೇ. ಏರಿಯ ಪಕ್ಕಕ್ಕೆ ಹೋದೆವು, ಹಾಗೇ. ಕೆರೆಯ ನಡುವೆ ಇನ್ನೂ ದಟ್ಟ.

“ಅಕ್ಕಾ, ಇದು ಕೆರೆಯಲ್ಲ,” ಎಂದ ಮುನಿರಾಜು. “ಕಾಡು.”

ಗೌರಕ್ಕ ಪರದೆಯ ಕಡೆ ಬಗ್ಗಿ ನೋಡಿದರು. ಹಳೆಯ ಬಲೆ ಹರಿದದ್ದನ್ನು ಕಂಡವರು ಅವರು, ಅವರಿಗೆ ಅನುಮಾನವೇ ಬರಲಿಲ್ಲ. ನಮಗೂ ಬರಲಿಲ್ಲ. ಯಂತ್ರ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಅದೇ ಮೊದಲು, ಒಂದೊಂದು ಮುಳ್ಳನ್ನೂ ತೋರಿಸುತ್ತಿದೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ನಂಜಣ್ಣ ಮಾತ್ರ, ಯಾವುದಕ್ಕೂ ಸ್ಕ್ರೂ ಸಡಿಲವಾಗಿದೆಯೋ ನೋಡೋಣ ಎಂದು ದೋಣಿಯನ್ನು ದಡಕ್ಕೆ ಬಿಡಿಸಿ, ಹಿಂಭಾಗವನ್ನು ಮೇಲಕ್ಕೆ ಎಳೆಸಿದರು. ಹಾರವನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕೆ ಸರಿಸಿದರು. ಸ್ಕ್ರೂ ಬಿಗಿ ಮಾಡಿದರು. ಮಟ್ಟಗೋಲಿಟ್ಟರು. ಮುಖ ಒರೆಸಿದರು. ಎಲ್ಲ ಸರಿಯಾಗಿದೆ ಎಂದು, ಹಾರವನ್ನು ಮತ್ತೆ ಮೊದಲಿದ್ದಲ್ಲಿಗೇ ಜೋಪಾನವಾಗಿ ಇಳಿಬಿಟ್ಟರು. ಪೂಜೆಯ ದಿನ ಗಾಡಿಯ ಹಾರವನ್ನು ತೆಗೆಯುವವರನ್ನು ನೀವು ನೋಡಿದ್ದೀರಾ? ಅದು ಒಣಗಿ ತಾನಾಗಿ ಉದುರಬೇಕು.

ಗೌರಕ್ಕ ದಡದ ಮೇಲೆ ಕೂತು, ಹೊಸ ಬಲೆಯನ್ನು ತಂದ ಕಡೆಗೇ ವಾಪಸ್ಸು ಕೊಡಲಾದೀತೇ ಎಂದು ತಮ್ಮನನ್ನು ಕೇಳಿದರು. ನೀರಿಗೆ ಹಾಕದ ಬಲೆ, ತೆಗೆದುಕೊಂಡರೂ ತೆಗೆದುಕೊಳ್ಳಬಹುದು ಎಂದ ಅವನು. ಕೆರೆಯನ್ನು ಬಿಟ್ಟರೆ ತೆಗೆದುಕೊಳ್ಳಲು ಹೊರಗಿನ ಕಂಟ್ರಾಕ್ಟರು ಕಾಯುತ್ತಿದ್ದಾನೆ ಎಂದೂ ಹೇಳಿದ. ಸಂಘದ ಹೆಂಗಸರೆಲ್ಲ ಆಚೆ ದಡದಲ್ಲಿ ಬಲೆ ಹರವಿಕೊಂಡು ಕಾಯುತ್ತಿದ್ದರು. ಅಲ್ಲಿಗೆ ಹೋಗಿ ಹೇಳಬೇಕಲ್ಲ ಎಂಬುದೇ ಗೌರಕ್ಕನ ಚಿಂತೆ.

ಹಾಗಿದ್ದರೂ ನಮಗೆ ಊಟ ಹಾಕದೆ ಬಿಡಲಿಲ್ಲ. ಹುಣಸೆ ಮರದ ಕೆಳಗೆ ಮುದ್ದೆ, ಬಸ್ಸಾರು. ಇಂಥ ದುಃಖದ ಹೊತ್ತಿನಲ್ಲಿ ಎರಡನೇ ಮುದ್ದೆ ಕೇಳುವುದು ಸರಿಯಲ್ಲ ಎಂದು ಗೊತ್ತಿದ್ದೂ ನಾನು ಕೇಳಿದೆ. ಬಸ್ಸಾರು ಹಾಗಿತ್ತು. ನಂಜಣ್ಣ ಉಣ್ಣಲಿಲ್ಲ, ಮುದ್ದೆಯನ್ನು ಸುಮ್ಮನೆ ತಿರುಗಿಸುತ್ತಿದ್ದರು. ಆಗಲೇ ನನಗೆ ಗೊತ್ತಾದದ್ದು, ಅವರ ಮಾತು ಎಷ್ಟು ದೊಡ್ಡದೋ ಅದು ಕೆಟ್ಟಾಗ ಆಗುವ ನೋವೂ ಅಷ್ಟೇ ದೊಡ್ಡದು ಎಂದು.

ಊಟ ಮುಗಿದ ಮೇಲೆ ಆಚೆ ದಡಕ್ಕೆ ಹೊರಟೆವು. ದೋಣಿಯನ್ನು ನೀರಿಗೆ ತಳ್ಳುವಾಗ ಹಿಂದುಗಡೆ ನಿಂತಿದ್ದ ಒಂದು ಮೇಕೆಯನ್ನು ಮುನಿರಾಜು ಗದರಿಸಿ ಓಡಿಸಿದ. ಪರದೆಯನ್ನು ಆರಿಸುವುದನ್ನು ನಾವು ಮರೆತಿದ್ದೆವು, ಅದು ಉರಿಯುತ್ತಲೇ ಇತ್ತು. ಸ್ವಲ್ಪ ದೂರ ಹೋದ ಮೇಲೆ ಸುಮ್ಮನೆ ಆ ಕಡೆ ಕಣ್ಣು ಹಾಯಿಸಿದೆ. ಒಂದೇ ಒಂದು ಗೀಟಿಲ್ಲ. ತಳ ಚಪ್ಪಟೆಯಾಗಿ, ಕಣದ ಹಾಗೆ, ಸಾರಿಸಿ ಇಟ್ಟಂತಿತ್ತು.

ನಂಜಣ್ಣನಿಗೆ ತೋರಿಸಿದೆ. ಅವರು ತಲೆ ಚಚ್ಚಿಕೊಂಡರು. ಇಷ್ಟು ಹೊತ್ತು ಚೆನ್ನಾಗಿದ್ದ ಯಂತ್ರ ಈಗ ಕೆಟ್ಟಿತಲ್ಲ ಎಂದು ಬ್ಯಾಟರಿಯ ವೈರು ಕಿತ್ತು ಹಾಕಿದರು, ತಿರುಗಿ ಸಿಕ್ಕಿಸಿದರು, ಪರದೆಯ ತಲೆಗೆ ಹಳೆಯ ಟಿವಿಗೆ ಹೊಡೆದ ಹಾಗೆ ಎರಡೇಟು ಹೊಡೆದರು. ತಳ ಅಲುಗಲಿಲ್ಲ. ಸರಿಯಾದ ಯಂತ್ರವನ್ನು ಕೆಟ್ಟದ್ದಕ್ಕೆ ತಿರುಗಿಸಲು ಮನುಷ್ಯ ಅಷ್ಟು ಕಷ್ಟಪಟ್ಟದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಕೊನೆಗೆ ನಾನು ದೋಣಿಯ ಹಿಂದೆ ಬಗ್ಗಿ ನೋಡಿದೆ. ಟ್ರಾನ್ಸ್‌ಡ್ಯೂಸರ್ ಇದ್ದಲ್ಲೇ ಇತ್ತು. ಅದರ ಹತ್ತಿರ ಬಾಳೆನಾರು ಜೋತಾಡುತ್ತಿತ್ತು. ಮೇಲ್ಗಡೆ ಗಂಟಿನ ಹತ್ತಿರ ಒಂದು ಹಿಡಿ ಸೇವಂತಿಗೆ, ಅಷ್ಟೇ.

“ಹಾರ ಎಲ್ಲೋ?” ಎಂದು ಕೇಳಿದರು ನಂಜಣ್ಣ.

“ಮೇಕೆ ತಿಂದಿದೆ ಅಣ್ಣ.”

ಅದೇ ನನ್ನ ವೃತ್ತಿಜೀವನದ ಶಿಖರ. ಆ ನಾರನ್ನು ಬಿಚ್ಚಿ, ಉಳಿದ ಹಿಡಿ ಹೂವನ್ನು ಟ್ರಾನ್ಸ್‌ಡ್ಯೂಸರಿನ ಕೆಳಗೆ ಇಳಿಬಿಟ್ಟೆ. ಪರದೆಯ ಮೇಲೆ ಕಾಡು. ಎತ್ತಿದೆ, ಬಯಲು. ಮತ್ತೆ ಇಳಿಬಿಟ್ಟೆ, ಕಾಡು. ಹೂವಿನ ಎಸಳುಗಳ ನಡುವೆ ಗಾಳಿ ಸಿಕ್ಕಿಕೊಂಡು ಗುಳ್ಳೆಗಳಾಗಿ ನಿಲ್ಲುತ್ತದೆ, ಕೂಗಿದ ಸದ್ದೆಲ್ಲ ಅಲ್ಲೇ ತಾಗಿ ವಾಪಸ್ಸು ಬರುತ್ತದೆ. ಬೆಳಿಗ್ಗೆಯಿಂದ ನಾವು ಕೆರೆಯನ್ನಲ್ಲ, ಹಾರವನ್ನು ಸರ್ವೆ ಮಾಡಿದ್ದೆವು. ಬೇಕಾದ್ದಕ್ಕಿಂತ ನಾಲ್ಕು ಸಲ ಜಾಸ್ತಿಯೇ ಎತ್ತಿ ಇಳಿಸಿ ತೋರಿಸಿದೆ. ನಂಜಣ್ಣ ಸಾಕು ಬಿಡೋ ಎಂದಾಗ ನಿಲ್ಲಿಸಿದೆ.

ಮುನಿರಾಜುಗೆ ಖುಷಿಯೋ ಖುಷಿ. ಗೌರಕ್ಕನಿಗೆ ಮಾತ್ರ ನಗು ಬರಲಿಲ್ಲ. ಮೇಕೆ ತಿಂದದ್ದಕ್ಕೆ ಅವರಿಗೆ ಬೇಸರವಿರಲಿಲ್ಲ, ತಾಯಿಗೆ ಬೇಕಿತ್ತು, ತೆಗೆದುಕೊಂಡಳು ಎಂದರು. ಅವರ ಪ್ರಶ್ನೆ ಬೇರೆ.

“ಬೆಳಿಗ್ಗೆ ಮರ ಅಂತು, ಈಗ ಇಲ್ಲ ಅಂತದೆ,” ಎಂದರು. “ಯಾವ್ದುನ್ನ ನಂಬಿ ಬಲೆ ಬಿಡ್ಲಪ್ಪಾ ನಾನು?”

ಹೊಸಬರೇ, ಇದು ಎರಡನೆಯ ಪಾಠ. ಬಲೆ ನಮ್ಮದಲ್ಲದಿದ್ದರೆ ಪರದೆಯನ್ನು ನಂಬುವುದು ಸುಲಭ.

ಉತ್ತರ ಕೊಟ್ಟವರು ನಂಜಣ್ಣ. ಲಗೇಜ್ ಆಟೋದಲ್ಲಿ ಪಾತಾಳಗರಡಿ ಇತ್ತು. ಬಾವಿಗೆ ಬಿದ್ದ ಬಿಂದಿಗೆ ತೆಗೆಯಲು ಹಗ್ಗಕ್ಕೆ ಕಟ್ಟಿ ಬಿಡುವ, ಸುತ್ತಲೂ ಕೊಕ್ಕೆಗಳಿರುವ ಕಬ್ಬಿಣದ ಗೊಂಚಲು ಅದು. ಮಾತಿಗೆ ಬದಲು ದೋಣಿಯನ್ನು ಹಿಂದಕ್ಕೆ ತಿರುಗಿಸಿ ಅದನ್ನು ತರಿಸಿದರು. ದೋಣಿಯ ಹಿಂದೆ ಅದನ್ನು ತಳಕ್ಕೆ ಬಿಟ್ಟು ಎಳೆದುಕೊಂಡು ಹೊರಟೆವು. ಪರದೆ ಬಯಲು ಎಂದ ಕಡೆಯೆಲ್ಲ ಗರಡಿ ಸಲೀಸಾಗಿ ಬಂತು, ಬಂದರೆ ಒಂದಿಷ್ಟು ಕೆಸರು. ಪೂರ್ವದ ಮೂಲೆಗೆ ಬಂದಾಗ ಪರದೆಯ ಮೇಲೆ ತಳದಿಂದ ನೆಟ್ಟಗೆ ಗೀಟುಗಳೆದ್ದವು. ಗರಡಿ ಗಕ್ಕನೆ ಕಚ್ಚಿಕೊಂಡಿತು. ನಂಜಣ್ಣ ಮತ್ತು ಮುನಿರಾಜು ಸೇರಿ ಜಗ್ಗಿದಾಗ ಕಪ್ಪಗೆ ಕೊಳೆತ ಜಾಲಿ ಕೊಂಬೆಯೊಂದು ಮುಳ್ಳು ಸಮೇತ ಮೇಲೆ ಬಂತು. ಅದರ ತುದಿಯಲ್ಲಿ ಹಳೆಯ ಬಲೆಯ ಒಂದು ಚೂರು ಸಿಕ್ಕಿಕೊಂಡಿತ್ತು. ಗೌರಕ್ಕ ಆ ಚೂರನ್ನು ಬಿಡಿಸಿ, ಹಿಂಡಿ, ಸೆರಗಿನ ತುದಿಗೆ ಕಟ್ಟಿಕೊಂಡರು. ಆಮೇಲೆ ಮುಂದೆ ಹೋಗುವಂತೆ ಕೈ ಮಾಡಿದರು.

ಪೂರ್ವದ ಮೂಲೆ, ಏರಿಯ ಕೆಳಗೆ ಒಂದು ಗುಂಪು, ನಡುವೆ ಒಂಟಿ ಮರ ಒಂದು. ಇಡೀ ಕೆರೆಯಲ್ಲಿ ಇದ್ದದ್ದು ಇಷ್ಟೇ. ಒಂದೊಂದರ ಮೇಲೂ ಖಾಲಿ ಎಣ್ಣೆ ಕ್ಯಾನು ಕಟ್ಟಿ ಕಲ್ಲು ಇಳಿಬಿಟ್ಟೆವು. ಹಳದಿ ಕ್ಯಾನುಗಳು ತೇಲುತ್ತಾ ನಿಂತವು, ಇಲ್ಲಿಗೆ ಬರಬೇಡಿ ಎಂದು ಹೇಳುವ ಹಾಗೆ.

ಬಲೆ ಬಿಡುವುದು ಅವತ್ತೇ ಎಂದರು ಗೌರಕ್ಕ. ನಾಳೆಗೆ ಬಿಟ್ಟರೆ ಧೈರ್ಯ ಇರುತ್ತದೋ ಇಲ್ಲವೋ ಎಂದರು. ಬಲೆಯ ಒಂದು ತುದಿಯನ್ನು ದಡದಲ್ಲಿ ಹೆಂಗಸರು ಹಿಡಿದರು. ಇನ್ನೊಂದು ತುದಿ ದೋಣಿಯಲ್ಲಿ. ಕ್ಯಾನುಗಳನ್ನು ದೂರವಿಟ್ಟು ಮುನಿರಾಜು ದೊಡ್ಡ ಸುತ್ತು ಹೊಡೆದು ಬಂದ. ಬಲೆ ಕುಚ್ಚು ಕುಚ್ಚಾಗಿ ನೀರಿಗಿಳಿಯಿತು. ಆಮೇಲೆ ಎಲ್ಲರೂ ಸೇರಿ ಎಳೆಯತೊಡಗಿದೆವು. ನಾನೂ ಎಳೆದೆ. ಎಲ್ಲರಿಗಿಂತ ಹೆಚ್ಚು ನರಳಿದವನು ನಾನೇ, ಅದರ ಮೇಲೆ ನೀವು ನನ್ನ ಕೊಡುಗೆಯನ್ನು ಊಹಿಸಬಹುದು.

ಒಂದು ಕಡೆ ಬಲೆ ತಡೆದು ನಿಂತಿತು. ಹಗ್ಗ ಬಿಗಿಯಾಯಿತು. ಗೌರಕ್ಕ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ನಂಜಣ್ಣನ ಮುಖ ನೋಡಿದೆ, ಅವರ ಕಣ್ಣು ನೀರಿನ ಮೇಲಿತ್ತು, ತುಟಿ ಮಾತ್ರ ಅಲುಗುತ್ತಿತ್ತು. ಗೌರಕ್ಕ ಹಗ್ಗವನ್ನು ಬೆರಳಿನಲ್ಲಿ ಮೀಟಿ, ಸ್ವಲ್ಪ ಸಡಿಲ ಬಿಟ್ಟು, ಮತ್ತೆ ಮೆಲ್ಲಗೆ ಎಳೆದರು. ಹಗ್ಗ ಅಲುಗಿತು, ಅದೂ ತಾನಾಗಿ.

“ಮರ ಅಲ್ಲ,” ಎಂದರು. “ಭಾರ. ಎಳೀರಿ.”

ಬಲೆ ದಡಕ್ಕೆ ಬಂತು. ಕಾಟ್ಲಾ, ರೋಹು, ಒಂದೊಂದು ನನ್ನ ಕಾಲಿನುದ್ದ. ಸರಿ, ಕಾಲಿನುದ್ದ ಅಲ್ಲ, ತೊಡೆಯುದ್ದ. ಬೆಳ್ಳಗೆ ಹೊಳೆಯುತ್ತಾ, ದಡದ ಕೆಸರೆಲ್ಲ ನಮ್ಮ ಮುಖಕ್ಕೆ ಎರಚುತ್ತಾ ಎಗರಾಡುತ್ತಿದ್ದವು. ಅವುಗಳನ್ನು ನೋಡುತ್ತಿದ್ದವರು ನಾನು ಮತ್ತು ನಂಜಣ್ಣ ಇಬ್ಬರೇ. ಸಂಘದ ಹೆಂಗಸರೆಲ್ಲ ಬಲೆಯ ಅಂಚನ್ನು ಹಿಡಿದು, ಆಕಾಶಕ್ಕೆ ಎತ್ತಿ, ಕಣ್ಣು ಕಿರಿದು ಮಾಡಿಕೊಂಡು, ಒಂದೊಂದು ಕಣ್ಣಿಯನ್ನೂ ನೋಡುತ್ತಾ ಬರುತ್ತಿದ್ದರು. ಈ ತುದಿಯಿಂದ ಒಬ್ಬರು, ಆ ತುದಿಯಿಂದ ಇನ್ನೊಬ್ಬರು. ನಡುವೆ ಗೌರಕ್ಕನ ಹತ್ತಿರ ಬಂದು ಎಲ್ಲರೂ ಸೇರಿದರು. ಎಲ್ಲೂ ಹರಿದಿರಲಿಲ್ಲ.

ಅಷ್ಟರಲ್ಲಿ ಅವರು ಎತ್ತಿಹಿಡಿದಿದ್ದ ಬಲೆಯ ಅಡಿಯಿಂದ ಆ ಗುಂಪಿನಲ್ಲೇ ದೊಡ್ಡದಾದ ಕಾಟ್ಲಾ ಒಂದು ನುಸುಳಿ, ಎರಡು ಸಲ ಎಗರಿ, ನೀರಿಗೆ ಬಿತ್ತು. ಅದರ ಹಿಂದೆ ಇನ್ನೆರಡು. ಮುನಿರಾಜು ಕೆಸರಿನಲ್ಲಿ ಬಿದ್ದು ಎದ್ದು ಅವುಗಳ ಹಿಂದೆ ಓಡಿದ. ನಾನು ಕೈ ತೋರಿಸಿ, ಅಕ್ಕಾ, ಮೀನು ಹೋಗುತ್ತಿದೆ ಎಂದೆ.

ಗೌರಕ್ಕ ಬಲೆಯಿಂದ ಕಣ್ಣು ತೆಗೆಯಲಿಲ್ಲ.

“ಹೋಗ್ಲಿ ಬಿಡು ಮಗಾ,” ಎಂದರು. “ನಾಳೆಗೂ ಬಲೆ ಅದೆಯಲ್ಲ.”